ಜರ್ಮನರ ಸಾರ್ವಜನಿಕ ರಜಾದಿನಗಳು: ಒಂದು ವಿವೇಚನೆ

ರಜೆ ಎಂಬ ಮಾತು ಕಿವಿಗೆ ಬಿದ್ದೊಡನೆ ವಿದ್ಯಾರ್ಥಿಗಳಾದ ನಮಗೆ ಹರ್ಷವಾಗುವುದು ಸಹಜ. ಆದರೆ ರಜೆಯೆಂದರೇನು, ಅದು ಯಾರಿಗಾಗಿ ಎಂಬುದನ್ನು ನಾವು ವಿಚಾರಿಸುವುದು ಅಪರೂಪ. ಒಂದು ಜನಾಂಗವನ್ನು ಅದು ದುಡಿಯುವ ಬಗೆಯಿಂದ ಅರಿಯಬಹುದಾದಂತೆ, ದುಡಿಮೆಯನ್ನು ನಿಲ್ಲಿಸುವ ಬಗೆಯಿಂದಲೂ ಅರಿಯಬಹುದು. ಉದ್ಯಮಶೀಲರೆಂದು ಹೆಸರಾದ ಜರ್ಮನರು ತಮ್ಮ ರಜಾದಿನಗಳನ್ನು ಹೇಗೆ ಆಚರಿಸುತ್ತಾರೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಜರ್ಮನರು ನಮ್ಮ ಜಿಲ್ಲೆಗೆ ಅಪರಿಚಿತರೇನೂ ಅಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. 1854ರಲ್ಲಿ ಉಡುಪಿಯಲ್ಲಿ ಕೇಂದ್ರವನ್ನು ತೆರೆದರು. ಮಲ್ಪೆಯಲ್ಲಿ ಹೆಂಚಿನ ಕಾರ್ಖಾನೆಯನ್ನೂ ನಡೆಸಿದರು. ಬಾಸೆಲ್ ಸ್ವಿಟ್ಸರ್ಲೆಂಡಿನ ನಗರವಾದರೂ, ಆ ಸಂಸ್ಥೆಯ ಮೂಲಕ ಬಂದವರಲ್ಲಿ ಅನೇಕರು ಜರ್ಮನರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಮುದ್ರಣಗೊಂಡ ಕನ್ನಡ ನಿಘಂಟಿನ ಕರ್ತೃ ಕಿಟ್ಟೆಲ್ ಇವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಈ ಮಿಶನರಿಗಳಿಗೆ ಭಾನುವಾರವು ಪ್ರಾರ್ಥನೆಗೂ ವಿಶ್ರಾಂತಿಗೂ ಮೀಸಲಾದ ದಿನವಾಗಿತ್ತು. ವಾರಕ್ಕೊಮ್ಮೆ ಕೈಕೆಲಸವನ್ನು ಬಿಡುವುದು ಅವರಿಗೆ ಸೋಮಾರಿತನವಲ್ಲ, ಒಂದು ಕರ್ತವ್ಯ.

ಆ ಭಾವನೆಯೇ ಇಂದು ಜರ್ಮನಿಯ ಕಾನೂನಿನಲ್ಲಿ ನೆಲೆಸಿದೆ. ಭಾನುವಾರವೂ ಸರಕಾರವು ಮಾನ್ಯ ಮಾಡಿದ ರಜಾದಿನಗಳೂ ವಿಶ್ರಾಂತಿಗಾಗಿ ಮತ್ತು ಮನಸ್ಸಿನ ಉನ್ನತಿಗಾಗಿ ರಕ್ಷಿತವಾಗಿರಬೇಕೆಂದು 1919ರ ವೈಮಾರ್ ಸಂವಿಧಾನವು ವಿಧಿಸಿತು. 1949ರ ಸಂವಿಧಾನವು ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಆದುದರಿಂದ ಆ ದಿನಗಳಲ್ಲಿ ಸಾಮಾನ್ಯವಾಗಿ ಅಂಗಡಿಗಳು ಮುಚ್ಚಿರುತ್ತವೆ. ರಾತ್ರಿ ಹತ್ತು ಗಂಟೆಯ ತನಕ ಭಾರೀ ಲಾರಿಗಳು ರಸ್ತೆಗಿಳಿಯುವಂತಿಲ್ಲ. ವಸತಿ ಪ್ರದೇಶಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನೂ ಓಡಿಸುವಂತಿಲ್ಲ. ಆಸ್ಪತ್ರೆ, ರೈಲು, ಭೋಜನಶಾಲೆ ಮೊದಲಾದವುಗಳಿಗೆ ವಿನಾಯಿತಿಯುಂಟು. ಅಲ್ಲಿ ದುಡಿದವರಿಗೆ ಬೇರೊಂದು ದಿನ ವಿಶ್ರಾಂತಿ ಕೊಡಬೇಕು.

ಇಡೀ ದೇಶಕ್ಕೆ ಸಮಾನವಾದ ರಜೆಗಳು ಒಂಬತ್ತು: ಹೊಸ ವರುಷ, ಶುಭ ಶುಕ್ರವಾರ, ಈಸ್ಟರ್ ಸೋಮವಾರ, ಮೇ 1, ಯೇಸುವಿನ ಸ್ವರ್ಗಾರೋಹಣ, ಪೆಂತೆಕೊಸ್ತ್ ಸೋಮವಾರ, ಅಕ್ಟೋಬರ್ 3, ದಶಂಬರ 25 ಮತ್ತು 26. ಇವುಗಳಲ್ಲಿ ಅಕ್ಟೋಬರ್ 3 ಪೂರ್ವ-ಪಶ್ಚಿಮ ಜರ್ಮನಿಗಳು 1990ರಲ್ಲಿ ಒಂದಾದ ದಿನ. ಉಳಿದ ರಜೆಗಳನ್ನು ಆಯಾ ರಾಜ್ಯಗಳು ಗೊತ್ತುಮಾಡುತ್ತವೆ. ಆಗ್ಸ್‌ಬರ್ಗ್ ನಗರವಂತೂ ಆಗಸ್ಟ್ 8ರಂದು ತನಗೆ ಮಾತ್ರವೇ ಸಲ್ಲುವ ಶಾಂತಿಯ ಹಬ್ಬವನ್ನು ಆಚರಿಸುತ್ತದೆ. ರಜೆಗೂ ಬೆಲೆಯುಂಟೆಂಬುದಕ್ಕೆ ಒಂದು ನಿದರ್ಶನ: ವೃದ್ಧರ ಹಾಗೂ ಅಶಕ್ತರ ಆರೈಕೆಗೆ ವಿಮೆಯನ್ನು ಏರ್ಪಡಿಸಿದಾಗ, ಅದರ ವೆಚ್ಚವನ್ನು ಸರಿದೂಗಿಸಲು 1995ರಿಂದ ಪಶ್ಚಾತ್ತಾಪದ ದಿನದ ರಜೆಯನ್ನು ಕೈಬಿಡಲಾಯಿತು. ಸ್ಯಾಕ್ಸನಿ ರಾಜ್ಯ ಮಾತ್ರ ಅದನ್ನು ಉಳಿಸಿಕೊಂಡಿತು.

ಆಚರಣೆಯ ರೀತಿ ದಿನಕ್ಕೊಂದು ತೆರ. ಶುಭ ಶುಕ್ರವಾರ ಮೌನದ ದಿನ. ಹಲವು ರಾಜ್ಯಗಳಲ್ಲಿ ಅಂದು ಸಾರ್ವಜನಿಕ ನೃತ್ಯಕ್ಕೂ ನಿಷೇಧ. ಈಸ್ಟರಿಗೆ ಮಕ್ಕಳು ತೋಟದಲ್ಲಿ ಅಡಗಿಸಿಟ್ಟ ಬಣ್ಣದ ಮೊಟ್ಟೆಗಳನ್ನು ಹುಡುಕುತ್ತಾರೆ. ಮೇ 1ರಂದು ಕಾರ್ಮಿಕರ ಮೆರವಣಿಗೆ. ಬವೇರಿಯದ ಹಳ್ಳಿಗಳಲ್ಲಿ ಎತ್ತರದ ಅಲಂಕೃತ ಕಂಬವನ್ನು ನಿಲ್ಲಿಸುತ್ತಾರೆ. ದಶಂಬರ 24ರ ಸಂಜೆಯೇ ಮನೆಮಂದಿ ಮರದ ಸುತ್ತ ಸೇರಿ ಉಡುಗೊರೆ ಹಂಚಿಕೊಳ್ಳುವರು. ಮುಂದಿನ ಎರಡು ದಿನ ನೆಂಟರಿಷ್ಟರ ಭೇಟಿ. ಅಕ್ಟೋಬರ್ ಮೊದಲ ಭಾನುವಾರ ಇಗರ್ಜಿಗಳಲ್ಲಿ ಪೈರನ್ನಿಟ್ಟು ದೇವರಿಗೆ ಕೃತಜ್ಞತೆ ಸಲ್ಲಿಸುವುದು ವಾಡಿಕೆ. ಸಪ್ಟಂಬರ 8ರಂದು ನಮ್ಮ ಕ್ರೈಸ್ತ ಬಾಂಧವರು ಆಚರಿಸುವ ಮೊಂತಿ ಹಬ್ಬದ ಹೊಸ ತೆನೆಯನ್ನೂ, ತುಳುವರು ಮನೆ ತುಂಬಿಸಿಕೊಳ್ಳುವ ಕೊರಲನ್ನೂ ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಹಬ್ಬವೆಂದರೆ ಮೌನವಲ್ಲ, ಜನಸಂದಣಿ. ಎರಡು ವರುಷಕ್ಕೊಮ್ಮೆ ಬರುವ ಉಡುಪಿಯ ಪರ್ಯಾಯ, ಕಾಪುವಿನ ಮಾರಿಪೂಜೆ, ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ ಇವುಗಳಿಗೆ ಜಾತಿಮತಗಳ ಎಣಿಕೆಯಿಲ್ಲದೆ ಜನ ನೆರೆಯುತ್ತಾರೆ. ಇದು ನಮ್ಮ ಸಂಪತ್ತು. ಇದನ್ನು ಬಿಟ್ಟು ಜರ್ಮನರಂತೆ ಬಾಗಿಲು ಮುಚ್ಚಿ ಕುಳಿತುಕೊಳ್ಳಬೇಕೆಂದು ಯಾರೂ ಹೇಳಲಾರರು. ಆದರೆ ಆ ದಿನ ಹೋಟೆಲಿನ ಅಡಿಗೆಯವನಿಗೆ, ಬಸ್ಸಿನ ಕಂಡಕ್ಟರನಿಗೆ, ಮಣಿಪಾಲದ ಆಸ್ಪತ್ರೆಯ ದಾದಿಗೆ ಎಂದಿಗಿಂತ ಹೆಚ್ಚು ದುಡಿಮೆಯಿರುವುದನ್ನು ನಾವು ಮರೆಯಬಾರದು.

ಇನ್ನೂ ಒಂದು ವರ್ಗವಿದೆ. ನನ್ನ ಅಮ್ಮ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರು. ಹಬ್ಬದ ದಿನ ಬೀಡಿ ಬ್ರಾಂಚು ಮುಚ್ಚಿರುತ್ತದೆ. ಕಟ್ಟಿದಷ್ಟಕ್ಕೇ ಕೂಲಿಯಾದುದರಿಂದ, ಆ ದಿನದ ಲೆಕ್ಕವನ್ನು ತುಂಬಿಸಲು ಹಿಂದಿನ ರಾತ್ರಿ ಬಹಳ ಹೊತ್ತಿನವರೆಗೆ ತಡ್ಪೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಇರುತ್ತಾರೆ. ಹೀಗಾದರೆ ರಜೆಯು ವಿಶ್ರಾಂತಿಯಲ್ಲ, ದುಡಿಮೆಯ ಸ್ಥಳಾಂತರ. ನಮ್ಮ ದೇಶ ಇಂಥವರನ್ನು ಪೂರ್ತಿಯಾಗಿ ಮರೆತಿಲ್ಲ. 1966ರ ಬೀಡಿ ಕಾರ್ಮಿಕರ ಶಾಸನವು ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದು ಗಣಿಸಿ, ವಾರ್ಷಿಕ ರಜೆಗೆ ವೇತನವನ್ನು ವಿಧಿಸಿತು. 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಾಸನವನ್ನು ಎತ್ತಿಹಿಡಿಯಿತು. ಜರ್ಮನಿಯ ಕಾನೂನು ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಮನೆಯಲ್ಲಿ ಕುಳಿತು ತುಂಡುಗೂಲಿಗೆ ದುಡಿಯುವವರಿಗೆ ಪ್ರತಿಯೊಂದು ಸಾರ್ವಜನಿಕ ರಜಾದಿನಕ್ಕೂ ಆರು ತಿಂಗಳ ಗಳಿಕೆಯ ಶೇಕಡಾ 0.72ರಷ್ಟು ಹಣ ಸಲ್ಲಬೇಕು. ಇದು ಸುಮಾರು ಒಂದು ದಿನದ ಕೂಲಿಗೆ ಸಮ.

ಜರ್ಮನರಿಂದ ನಾವು ಕಲಿಯಬೇಕಾದುದು ಅವರ ಹಬ್ಬಗಳನ್ನಲ್ಲ. ಹಬ್ಬಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೂಲಿಯಿಲ್ಲದ ರಜೆ ಬಡವನಿಗೆ ಉಪವಾಸದ ಇನ್ನೊಂದು ಹೆಸರು ಎಂಬ ತಿಳಿವಳಿಕೆಯನ್ನು ನಾವು ಕಲಿಯಬೇಕು. ಪದವಿ ಪಡೆದು ಹೊರಹೋಗುವ ನಮ್ಮಲ್ಲಿ ಕೆಲವರು ನಾಳೆ ಕಚೇರಿಗಳಲ್ಲಿ ಕುಳಿತು ರಜೆಯ ಪಟ್ಟಿಗೆ ರುಜು ಹಾಕುವವರಾಗಬಹುದು. ಅಂದು, ಆ ಪಟ್ಟಿಯ ಹೊರಗೆ ಉಳಿದ ಕೈಗಳನ್ನೂ ಎಣಿಸುವ ಬುದ್ಧಿ ನಮಗಿದ್ದರೆ ಈ ವಿದ್ಯೆ ಸಾರ್ಥಕವಾದೀತು.