ನಕಲು ನಿಮ್ಮ ಕೈಯಲ್ಲೇ ಇರಲಿ

ದುಡ್ಡು ಕೊಟ್ಟು ಕೊಂಡ ಪುಸ್ತಕವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಂಡರೆ ತಪ್ಪೇ ಎಂದು ನಿಮ್ಮಲ್ಲಿ ಹಲವರು ನನ್ನನ್ನು ಕೇಳಿದ್ದೀರಿ. ಪಿಜಿಯಲ್ಲಿ ಒಂದು ಮಂಚ, ಒಂದು ಕಬ್ಬಿಣದ ಬೀರು. ಪುಸ್ತಕ ಜೋಡಿಸಲು ಜಾಗ ಎಲ್ಲಿ? ಕೆಲಸ ಬದಲಾದಾಗಲೆಲ್ಲ ರಟ್ಟಿನ ಪೆಟ್ಟಿಗೆ ಹೊತ್ತು ತಿರುಗುವ ಕಷ್ಟ ನನಗೂ ಗೊತ್ತು. ಮಕ್ಕಳೇ, ಮಾಡುವ ಮೊದಲು ಕೇಳಿದಿರಲ್ಲ, ಅದು ನನಗೆ ಸಂತೋಷ. ಆದರೆ ಕೇಳದೆ ಮಾಡಿ, ಮಾಡಿದ್ದನ್ನು ಇಡೀ ಗ್ರೂಪಿಗೆ ಹಂಚುವವರೂ ನಿಮ್ಮ ನಡುವೆಯೇ ಇದ್ದಾರೆ. ಅವರನ್ನು ಕಂಡು ಆತಂಕವಾಗಿದೆ. ಅದಕ್ಕೇ ಈ ಮಾತು.

ಕಾನೂನಿನಿಂದ ಶುರು ಮಾಡೋಣ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಖಾಸಗಿ ಬಳಕೆಗೆ, ಸಂಶೋಧನೆಗೆ, ವಿಮರ್ಶೆಗೆ ಒಂದು ಕೃತಿಯನ್ನು ನ್ಯಾಯವಾಗಿ ಬಳಸಿಕೊಂಡರೆ ಅದು ಉಲ್ಲಂಘನೆಯಲ್ಲ ಎಂದು ಅದರ 52ನೇ ಸೆಕ್ಷನ್ ಹೇಳುತ್ತದೆ. ಆ ಉದ್ದೇಶಗಳಿಗಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳುವುದಕ್ಕೂ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದರೆ ಎಷ್ಟು ಪುಟದವರೆಗೆ ನ್ಯಾಯ, ಇಡೀ ಪುಸ್ತಕವೇ ಆದರೆ ಹೇಗೆ ಎಂದು ಕಾಯ್ದೆ ಬಿಡಿಸಿ ಹೇಳಿಲ್ಲ. ಉದ್ದೇಶ ನೋಡಿ, ಅದರಿಂದ ಆಗುವ ನಷ್ಟ ನೋಡಿ ಕೋರ್ಟು ತೀರ್ಮಾನಿಸುವ ಸಂಗತಿ ಅದು. ನನ್ನ ಅಭಿಪ್ರಾಯ ಇಷ್ಟು: ಪುಸ್ತಕ ನೀವು ಕೊಂಡದ್ದು, ನಕಲು ನೀವೇ ಓದಲು, ಅದು ನಿಮ್ಮ ಫೋನು ಬಿಟ್ಟು ಆಚೆ ಹೋಗುವುದಿಲ್ಲ ಎಂದಾದರೆ ಲೇಖಕರಿಗಾಗಲಿ ಪ್ರಕಾಶಕರಿಗಾಗಲಿ ನೀವು ಅನ್ಯಾಯ ಮಾಡಿಲ್ಲ. ಅಳುಕಬೇಡಿ. ಆದರೆ ಮೂಲ ಪುಸ್ತಕವನ್ನು ಹಳೇ ಪುಸ್ತಕದಂಗಡಿಗೆ ಮಾರಿದ ದಿನ ಆ ನಕಲನ್ನೂ ಅಳಿಸಿಬಿಡಿ. ಗ್ರಂಥಾಲಯದಿಂದ ಎರವಲು ತಂದ ಪುಸ್ತಕದಲ್ಲಿ ಬೇಕಾದ ಅಧ್ಯಾಯ ತೆಗೆದುಕೊಳ್ಳಿ, ರಟ್ಟಿನಿಂದ ರಟ್ಟಿಗೆ ಸ್ಕ್ಯಾನ್ ಮಾಡಬೇಡಿ. ಇ-ಪುಸ್ತಕಕ್ಕೆ ಹಾಕಿರುವ ಬೀಗವನ್ನು ನಕಲು ಹಂಚುವ ಉದ್ದೇಶದಿಂದ ಒಡೆದರೆ ಎರಡು ವರ್ಷದವರೆಗೆ ಜೈಲು ಎಂದು ಅದೇ 2012ರ ತಿದ್ದುಪಡಿ ಹೇಳುತ್ತದೆ.

ದೆಹಲಿಯ ಜೆರಾಕ್ಸ್ ಅಂಗಡಿಯ ಕೇಸು ನೆನಪಿಸಿ ಎಲ್ಲವೂ ಮಾಫಿ ಎಂದು ವಾದಿಸುವವರಿದ್ದಾರೆ. ಆ ಕೇಸನ್ನು ಸರಿಯಾಗಿ ತಿಳಿದುಕೊಳ್ಳಿ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. ಪಠ್ಯಕ್ರಮಕ್ಕೆ ಬೇಕಾದ ಭಾಗಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು, ಒಟ್ಟು ಬೈಂಡ್ ಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಅಂಗಡಿ ಅದು. 2016ರಲ್ಲಿ ದೆಹಲಿ ಹೈಕೋರ್ಟು ಅಂಗಡಿಯ ಪರ ನಿಂತಿತು. ಕಲಿಸುವುದಕ್ಕಾಗಿ ಕಾಯ್ದೆ ಕೊಟ್ಟಿರುವ ವಿನಾಯಿತಿಯ ಮೇಲೆ ಬಂದ ತೀರ್ಪು ಅದು. ಬಡ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರವಾಯಿತು, ನಾನೂ ಅಂದು ಹಿಗ್ಗಿದೆ. ಆದರೆ ಕಳೆದ ತಿಂಗಳು ಬಿಡುಗಡೆಯಾದ ಕನ್ನಡ ಕಾದಂಬರಿಯನ್ನು ಪೂರ್ತಿ ಪಿಡಿಎಫ್ ಮಾಡಿ ಟೆಲಿಗ್ರಾಂ ಚಾನೆಲ್ಲಿಗೆ ಹಾಕಿದವನಿಗೆ ಆ ತೀರ್ಪಿನಲ್ಲಿ ಆಸರೆಯಿಲ್ಲ.

ಇನ್ನೊಂದು ಮಾತನ್ನು ನಿಮ್ಮಲ್ಲಿ ಓದಿಕೊಂಡವರೇ ಹೇಳುತ್ತೀರಿ. ‘ಜ್ಞಾನ ಹಂಚುವುದು ಪುಣ್ಯವಲ್ಲವೇ? ಅತ್ತಿಮಬ್ಬೆ ಮಾಡಿದ್ದೂ ಅದೇ ತಾನೆ?’ ಒಳ್ಳೆಯ ಪ್ರಶ್ನೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದು ನಾವೆಲ್ಲ ಹೆಮ್ಮೆಯಿಂದ ಓದಿದ್ದೇವೆ. ಹೇಗೆ ಮಾಡಿಸಿದಳು, ಸ್ವಲ್ಪ ಯೋಚಿಸಿ. ಅಂದು ಅಚ್ಚುಯಂತ್ರ ಇರಲಿಲ್ಲ. ಓಲೆಗರಿಯನ್ನು ಹದಮಾಡಬೇಕು, ಮೊನಚಾದ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕು, ಮಸಿ ತುಂಬಬೇಕು, ದಾರ ಪೋಣಿಸಿ ಕಟ್ಟಬೇಕು. ಸಾವಿರ ಕಟ್ಟಿಗೆ ಎಷ್ಟು ಲಿಪಿಕಾರರ ಎಷ್ಟು ದಿನದ ದುಡಿಮೆ! ಆ ಕೈಗಳಿಗೆ ಅನ್ನ ಹಾಕಿದ್ದು ಅವಳ ಸಂಪತ್ತು. ಕವಿ ಪೊನ್ನನಿಗೆ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಆಶ್ರಯ ಇತ್ತು. ಹಂಚಿದವಳು ತನ್ನ ಗಂಟು ಕರಗಿಸಿದಳು, ಕವಿಯ ಗಂಟಿಗೆ ಕೈ ಹಾಕಲಿಲ್ಲ. ನೀವು ಫಾರ್ವರ್ಡ್ ಒತ್ತಿದಾಗ ಕರಗುವುದು ಯಾರದು? ಅತ್ತಿಮಬ್ಬೆಯ ಹಾಗೆ ಹಂಚುವ ಆಸೆಯಿದ್ದರೆ ಆ ಪುಸ್ತಕದ ಐದು ಪ್ರತಿ ಕೊಂಡು ನಿಮ್ಮೂರ ಶಾಲೆಗೆ ಕೊಡಿ.

ಪುಸ್ತಕ ಮಾರಿ ಬದುಕುವುದು ಕನ್ನಡದಲ್ಲಿ ಎಂದೂ ಸುಲಭವಾಗಿರಲಿಲ್ಲ. ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಕನ್ನಡ ಓದುವ ಚಟ ಹತ್ತಿಸಿದವರು ಅವರು. ಇಂದಿಗೂ ನಮ್ಮ ಸಣ್ಣ ಪ್ರಕಾಶಕರು ಒಂದು ಪುಸ್ತಕಕ್ಕೆ ಐನೂರು, ಹೆಚ್ಚೆಂದರೆ ಸಾವಿರ ಪ್ರತಿ ಅಚ್ಚು ಹಾಕಿಸುತ್ತಾರೆ. ಅದು ಖರ್ಚಾಗುವುದರೊಳಗೆ ಮುಂದಿನ ಪುಸ್ತಕಕ್ಕೆ ಕಾಗದ ಕೊಳ್ಳಲು ಒದ್ದಾಡುತ್ತಾರೆ. ಲೇಖಕರಿಗೆ ಬರುವ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇಕಡಾ ಹತ್ತು. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಇಪ್ಪತ್ತು. ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಮಾರುವ ಪುಸ್ತಕದಿಂದ ಇನ್ನೂರು ಓದುಗರು ಕಳಚಿಕೊಂಡರೆ ಗೊತ್ತೂ ಆಗುವುದಿಲ್ಲ. ಕನ್ನಡದ ಐನೂರು ಪ್ರತಿಯಲ್ಲಿ ಇನ್ನೂರು ಉಳಿದುಬಿಟ್ಟರೆ ಆ ಲೇಖಕನ ಎರಡನೆಯ ಪುಸ್ತಕ ಬರುವುದೇ ಇಲ್ಲ.

ನಕಲು ಮಾಡಲೇಬೇಕಾದ ಒಂದು ಕೆಲಸವನ್ನೂ ಹೇಳುತ್ತೇನೆ. ನನಗೆ ಗೊತ್ತಿರುವ ಒಬ್ಬ ಹುಡುಗಿಗೆ ಕಣ್ಣು ಕಾಣುವುದಿಲ್ಲ, ಕನ್ನಡ ಎಂ.ಎ. ಓದುತ್ತಾಳೆ. ಅವಳ ಗೆಳತಿಯರು ಪಠ್ಯವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುತ್ತಾರೆ. ಹಳೆಯ ಮುದ್ರಣವಾದರೆ ಒತ್ತಕ್ಷರಗಳೆಲ್ಲ ಎಡವಟ್ಟು. ಅರ್ಕಾವತ್ತು ಅಂಕಿಯಾಗಿಬಿಡುತ್ತದೆ, ಮಹಾಪ್ರಾಣದ ಸೀಳು ಬಿಟ್ಟುಹೋಗುತ್ತದೆ. ಒಬ್ಬಳು ಮೂಲ ನೋಡಿ ಓದುತ್ತಾಳೆ, ಇನ್ನೊಬ್ಬಳು ತಿದ್ದುತ್ತಾಳೆ. ತಿದ್ದಿದ ಕಡತವನ್ನು ಅವಳ ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಅವಳು ಕಿವಿಗೊಟ್ಟು, ‘ಈ ಸಾಲು ಅರ್ಥವಾಗಲಿಲ್ಲ, ಇನ್ನೊಮ್ಮೆ ನೋಡಿ’ ಎನ್ನುತ್ತಾಳೆ. ಅಂಗವಿಕಲರ ಓದಿಗೆ ಹೀಗೆ ನಕಲು ಮಾಡಿಕೊಡಲು, ಲಾಭದ ಉದ್ದೇಶ ಇಲ್ಲದಿದ್ದರೆ, ನಮ್ಮ ಕಾಯ್ದೆಯೇ ಅನುಮತಿ ಕೊಟ್ಟಿದೆ. ಇದಕ್ಕಾಗಿಯೇ ಆದ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ನಿಮಗೆ ಸ್ಕ್ಯಾನ್ ಮಾಡುವ ಹುರುಪಿದ್ದರೆ ಇಂಥ ಒಬ್ಬರನ್ನು ಹುಡುಕಿಕೊಳ್ಳಿ. ನಿಮ್ಮ ಕಾಲೇಜಿನಲ್ಲೇ ಇರುತ್ತಾರೆ.

ಹಂಚಬಹುದಾದ ಪುಸ್ತಕಗಳೂ ಬೇಕಾದಷ್ಟಿವೆ. ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ ಅರವತ್ತು ವರ್ಷ ಕಳೆದರೆ ಕೃತಿ ಎಲ್ಲರ ಸೊತ್ತು. ಗಳಗನಾಥರು 1942ರಲ್ಲಿ ತೀರಿಕೊಂಡರು, ಪಂಜೆಯವರು 1937ರಲ್ಲಿ, ಬಿ.ಎಂ.ಶ್ರೀ. ಮತ್ತು ಕೈಲಾಸಂ 1946ರಲ್ಲಿ. ಇವರ ಬರಹವನ್ನು ಸ್ಕ್ಯಾನ್ ಮಾಡಿ, ತಿದ್ದಿ, ಹಂಚಿ. ಯಾರೂ ತಡೆಯಲಾರರು. ನಿರಂಜನರ ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟರು. ಆದರೆ ಡಿ.ವಿ.ಜಿ. ಹೋದದ್ದು 1975ರಲ್ಲಿ, ಬೇಂದ್ರೆ 1981ರಲ್ಲಿ, ಕುವೆಂಪು 1994ರಲ್ಲಿ. ಇವರ ಕೃತಿಗಳ ಹಕ್ಕು ಇನ್ನೂ ಮುಗಿದಿಲ್ಲ. ಅಂತರ್ಜಾಲದಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಎಂದುಕೊಳ್ಳಬೇಡಿ.

ಎಲ್ಲಿ ಹುಡುಕಿದರೂ ಸಿಗದ, ಮರುಮುದ್ರಣ ಕಾಣದ ಪುಸ್ತಕಗಳ ಬಗ್ಗೆ ನಿಮಗಿರುವ ಸಂಕಟ ನನಗೂ ಇದೆ. ಅಂಥದ್ದು ಕೈಗೆ ಸಿಕ್ಕಿದರೆ ಹಕ್ಕುಪುಟ ತೆರೆದು ನೋಡಿ. ‘ಹಕ್ಕುಗಳು: ಲೇಖಕರವು’ ಎಂದೋ, ಪ್ರಕಾಶಕರ ವಿಳಾಸವೋ ಇರುತ್ತದೆ. ಒಂದು ಕಾಗದ ಬರೆಯಿರಿ, ಒಂದು ಫೋನು ಮಾಡಿ. ಲೇಖಕರು ಇಲ್ಲದಿದ್ದರೆ ಮಕ್ಕಳೋ ಮೊಮ್ಮಕ್ಕಳೋ ಇರುತ್ತಾರೆ. ‘ಅಜ್ಜನ ಪುಸ್ತಕ ಓದುವವರು ಇನ್ನೂ ಇದ್ದಾರಾ?’ ಎಂದು ಸಂತೋಷದಿಂದ ಒಪ್ಪುವ ಮನೆಗಳೂ ಇವೆ. ಒಪ್ಪಿದರೆ ಅದನ್ನು ಬರಹದಲ್ಲಿ ಪಡೆದುಕೊಂಡು ಊರಿಗೆಲ್ಲ ಹಂಚಿ. ಒಪ್ಪದಿದ್ದರೆ ನಿಮ್ಮ ಓದಿಗೆ ಬೇಕಾದ ಭಾಗವನ್ನಷ್ಟೇ ಇಟ್ಟುಕೊಂಡು, ಪುಸ್ತಕವನ್ನು ತಂದ ಕಡೆಗೆ ಹಿಂದಿರುಗಿಸಿ.