ಕ್ಯಾಲ್ಕುಲಸ್ ಪುಸ್ತಕಕ್ಕೆ ದುಡ್ಡು ಕೊಡುವ ಮೊದಲು

ಮಕ್ಕಳು ಎಂಜಿನಿಯರಿಂಗ್ ಸೇರಿದ ಮೊದಲ ತಿಂಗಳು, ಫೀಸು, ಹಾಸ್ಟೆಲ್ ಅಡ್ವಾನ್ಸು ಕಟ್ಟಿ ಹೈರಾಣಾದ ಮನೆಗೆ ಇನ್ನೊಂದು ಪಟ್ಟಿ ಬರುತ್ತದೆ: ಪುಸ್ತಕ, ಲ್ಯಾಪ್‌ಟಾಪ್, ಸಾಫ್ಟ್‌ವೇರ್. ಫೀಸಿನಲ್ಲಿ ಚೌಕಾಸಿ ನಡೆಯದು. ಆದರೆ ಈ ಪಟ್ಟಿಯಲ್ಲಿ ಗಣಿತದ ಖರ್ಚನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹರಿದಾಡುವ ಕದ್ದ ಪಿಡಿಎಫ್‌ಗಳ ಮಾತಲ್ಲ ಇದು. ಬರೆದವರು, ಪ್ರಕಟಿಸಿದವರು ತಾವಾಗಿಯೇ ಉಚಿತವಾಗಿ ಬಿಟ್ಟುಕೊಟ್ಟ, ಇಲ್ಲವೇ ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳ ಮಾತು.

ತಂಗಿಯ ಮಗಳು ಹಾಸನದಲ್ಲಿ ಕಾಲೇಜು ಸೇರಿದಾಗ ಅವಳ ಪುಸ್ತಕಗಳ ಹೊಣೆಯನ್ನು ನಾನು ಹೊತ್ತೆ. ಮೊದಲು ಇಳಿಸಿಕೊಂಡದ್ದು ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ 'ಕ್ಯಾಲ್ಕುಲಸ್'. 1991ರಲ್ಲಿ ಅಚ್ಚಾದ ಈ ಪುಸ್ತಕವನ್ನು ಅಮೆರಿಕದ ಎಂಐಟಿ ತನ್ನ ಓಪನ್‌ಕೋರ್ಸ್‌ವೇರ್ ತಾಣದಲ್ಲಿ ಪೂರ್ತಿಯಾಗಿ ಇಟ್ಟಿದೆ, ಜೊತೆಗೆ ವಿದ್ಯಾರ್ಥಿಗಳ ಕೈಪಿಡಿಯನ್ನೂ. ಸ್ಟ್ರ್ಯಾಂಗ್ ಎದುರು ಕೂತು ಮಾತಾಡಿದ ಹಾಗೆ ಬರೆಯುತ್ತಾರೆ. ಸೂತ್ರಕ್ಕಿಂತ ಮೊದಲು, ಅದು ಯಾಕೆ ಬೇಕಾಯಿತು ಎನ್ನುವುದನ್ನು ಹೇಳುತ್ತಾರೆ. ಎರಡನೆಯದು ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಹೊರತಂದ ಮೂರು ಸಂಪುಟಗಳ ಪಠ್ಯ. ಅದರಲ್ಲಿ ಬಿಡಿಸಿದ ಲೆಕ್ಕಗಳು ಧಾರಾಳ. ಪೋಲಾರ್ ಕೋಆರ್ಡಿನೇಟ್ಸ್ ಎರಡನೇ ಸಂಪುಟದಲ್ಲಿ, ಪಾರ್ಷಿಯಲ್ ಡಿಫರೆನ್ಸಿಯೇಷನ್ ಮೂರನೆಯದರಲ್ಲಿ ಸಿಗುತ್ತದೆ. ಪಿಯುಸಿಯಲ್ಲೇ ಗಣಿತಕ್ಕೆ ಹೆದರಿಕೊಂಡವರಿಗೆ ಸಿಲ್ವೇನಸ್ ಥಾಂಪ್ಸನ್ 1910ರಲ್ಲಿ ಬರೆದ 'ಕ್ಯಾಲ್ಕುಲಸ್ ಮೇಡ್ ಈಸಿ' ಒಳ್ಳೆಯದು. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿದೆ.

ಖರ್ಚು ಬರುವುದು ಪ್ರಿಂಟಿನಲ್ಲಿ. ಓಪನ್‌ಸ್ಟ್ಯಾಕ್ಸ್‌ನ ಒಂದೊಂದು ಸಂಪುಟವೂ ನೂರಾರು ಪುಟ. ಇಡಿಯಾಗಿ ಪ್ರಿಂಟ್ ತೆಗೆಸಿದರೆ ಜೆರಾಕ್ಸ್ ಅಂಗಡಿಯ ಬಿಲ್ಲು ಹೊಸ ಪುಸ್ತಕದ ಬೆಲೆಗೆ ಹತ್ತಿರ ಬರುತ್ತದೆ. ಹಾಗೆಂದು ಮೊಬೈಲಿನಲ್ಲೇ ಗಣಿತ ಓದು ಅನ್ನಲಾರೆ. ಪಕ್ಕದಲ್ಲಿ ಪೆನ್ಸಿಲ್ ಆಡದ ಪುಟದಿಂದ ಲೆಕ್ಕ ತಲೆಗೆ ಹತ್ತುವುದಿಲ್ಲ. ಆದ್ದರಿಂದ ಸೆಮಿಸ್ಟರಿಗೆ ಬೇಕಾದ ಅಧ್ಯಾಯಗಳನ್ನಷ್ಟೇ ಎರಡೂ ಬದಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿಕೊಟ್ಟೆ. ಉಳಿದದ್ದು ಪೆನ್‌ಡ್ರೈವ್‌ನಲ್ಲಿತ್ತು.

"ದೊಡ್ಡಮ್ಮ, ಇದರಲ್ಲಿ ನಮ್ಮ ಎಗ್ಸಾಮ್ ಥರ ಪ್ರಶ್ನೆಗಳೇ ಇಲ್ಲವಲ್ಲ" ಅಂದಳು ಹುಡುಗಿ. ಅವಳು ಹೇಳಿದ್ದು ಸರಿ. ಆ ಪುಸ್ತಕಗಳು ನಮ್ಮ ವಿಟಿಯು ಪಠ್ಯಕ್ರಮಕ್ಕೆ ಬರೆದವಲ್ಲ. ಹಾಗಾಗಿ ಹಳೆಯ ಪ್ರಶ್ನೆಪತ್ರಿಕೆಗಳು ಬೇಕು, ಕಾಲೇಜಿನ ಲೈಬ್ರರಿಯಿಂದ ಇಲ್ಲಿನ ಲೇಖಕರ ಒಂದು ಪುಸ್ತಕವೂ ಬೇಕು. ಅರ್ಥವಾಗಲು ಸ್ಟ್ರ್ಯಾಂಗ್, ಅಭ್ಯಾಸಕ್ಕೆ ಪ್ರಶ್ನೆಪತ್ರಿಕೆ. ಸಾರಾಂಶವನ್ನಷ್ಟೇ ಉರು ಹೊಡೆಸುವ ಪಾಸಿಂಗ್ ಪ್ಯಾಕೇಜುಗಳಿಗೆ ದುಡ್ಡು ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್ ಕಚ್ಚಾ ಉಳಿದರೆ ಮುಂದೆ ಸಿಗ್ನಲ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್‌ಗೆ ಟ್ಯೂಷನ್ ಫೀಸು ಕಟ್ಟಬೇಕಾದೀತು.

ಇನ್ನು ಸಾಫ್ಟ್‌ವೇರ್. ಲ್ಯಾಬಿನಲ್ಲಿ ಮ್ಯಾಟ್‌ಲ್ಯಾಬ್ ಅಂದ ಕೂಡಲೇ ಲೈಸೆನ್ಸ್ ಕೊಳ್ಳಬೇಡಿ. ಕಾಲೇಜೇ ಕೊಂಡಿದೆಯೇ ಎಂದು ಮೊದಲು ವಿಚಾರಿಸಿ. ಇಲ್ಲವಾದರೆ ಉಚಿತವಾಗಿ ಸಿಗುವ ಜಿಎನ್‌ಯು ಆಕ್ಟೇವ್ ಇದೆ. ಮ್ಯಾಟ್‌ಲ್ಯಾಬ್‌ಗೆ ಬರೆದ ಸಾಮಾನ್ಯ ಪ್ರೋಗ್ರಾಮುಗಳು ಅದರಲ್ಲಿ ಬಹುಮಟ್ಟಿಗೆ ಹಾಗೆಯೇ ನಡೆಯುತ್ತವೆ. ವಕ್ರರೇಖೆ ಎಳೆದು ನೋಡಲು ಜಿಯೋಜೀಬ್ರಾ ಸಾಕು, ಮೊಬೈಲಿನಲ್ಲೂ ಓಡುತ್ತದೆ. ಇಂಟಿಗ್ರಲ್‌ಗಳನ್ನು ಅಕ್ಷರರೂಪದಲ್ಲೇ ಬಿಡಿಸಲು ಮ್ಯಾಕ್ಸಿಮಾ ಅಥವಾ ಪೈಥಾನಿನ ಸಿಂಪೈ. ಪೈಥಾನನ್ನು ಗೂಗಲ್ ಕೊಲ್ಯಾಬ್ ಮೂಲಕ ಬ್ರೌಸರಿನಲ್ಲೇ ಬಳಸಬಹುದಾದ್ದರಿಂದ, ಬರೀ ಗಣಿತಕ್ಕಾಗಿ ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ.

ಇವನ್ನೆಲ್ಲ ಕಲಿಸುವವರು ಯಾರು? ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಪೈಥಾನ್, ಮ್ಯಾಟ್‌ಲ್ಯಾಬ್‌ನಂಥದೇ ಆದ ಸೈಲ್ಯಾಬ್ ಮುಂತಾದವುಗಳ ಪುಟ್ಟ ಪುಟ್ಟ ವಿಡಿಯೊ ಪಾಠಗಳಿವೆ. ಹಲವಕ್ಕೆ ಕನ್ನಡ ಧ್ವನಿಯೂ ಇದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲು ಇದನ್ನೇ ತೋರಿಸಿ. ನಮ್ಮ ತೆರಿಗೆ ಹಣದಲ್ಲಿ ತಯಾರಾದ ಪಾಠಗಳಿವು, ಬಳಸದೆ ಬಿಟ್ಟರೆ ನಷ್ಟ ನಮ್ಮದೇ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ತರಗತಿಗಳಿಗೂ ಶುಲ್ಕವಿಲ್ಲ. ಶುಲ್ಕ ಇರುವುದು ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ. ಆ ಸರ್ಟಿಫಿಕೇಟಿಗೆ ನಿಮ್ಮ ಕಾಲೇಜು ಕ್ರೆಡಿಟ್ ಕೊಡುತ್ತದೆಯೇ ಎಂದು ಕೇಳಿಕೊಂಡೇ ಪರೀಕ್ಷೆಗೆ ಹಣ ಕಟ್ಟಿ.