ಖಿನ್ನತೆ: ದೇಹದಲ್ಲಿಯೂ ಬೇರೂರಿರುವ ಬೇನೆ

ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ತನಗೆ ಖಿನ್ನತೆಯಾಗಿದೆಯೆಂದು ಹೇಳಿಕೊಳ್ಳುವವರು ತೀರ ವಿರಳ. ಜಮಖಂಡಿ, ಮುಧೋಳ ಸೀಮೆಯ ಕಬ್ಬಿನ ಬೆಳೆಗಾರರಿರಲಿ, ರಬಕವಿ-ಬನಹಟ್ಟಿಯ ನೇಕಾರರಿರಲಿ, ಬೀಳಗಿ ತಾಲೂಕಿನ ಪುನರ್ವಸತಿ ಗ್ರಾಮಗಳ ತಾಯಂದಿರಿರಲಿ, ಎಲ್ಲರೂ ಮೊದಲು ಹೇಳುವುದು ದೇಹದ ಬಾಧೆಯನ್ನೇ. ನಿದ್ದೆಯಿಲ್ಲ, ಹಸಿವಿಲ್ಲ, ಮೈ ಭಾರ, ಎದೆ ಡವಡವ ಎನ್ನುತ್ತದೆ ಎಂಬುದಾಗಿ. ಅವರ ಮಾತು ಸುಳ್ಳಲ್ಲ. ಖಿನ್ನತೆಯು ಮನಸ್ಸಿನಲ್ಲಿ ಕಾಣಿಸಿಕೊಂಡರೂ ಅದರ ಬೇರುಗಳು ದೇಹದಲ್ಲಿಯೂ ಇರುತ್ತವೆ. ಈ ತಿಂಗಳು ಆ ಬೇರುಗಳನ್ನು ಅರಿಯಲು ಪ್ರಯತ್ನಿಸೋಣ.

ಮೊದಲು ನಮ್ಮದೇ ತಪ್ಪೊಂದನ್ನು ಸದ್ಭಕ್ತರ ಮುಂದೆ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ತರುಣ ನೇಕಾರನೊಬ್ಬನನ್ನು ಅವನ ತಾಯಿ ಕರೆತಂದಿದ್ದರು. "ಸಾಹೇಬ್ರ, ಮಗ್ಗದ ಮುಂದ ಕುಂಡ್ರಾಕ ಮನಸ ಬರವಲ್ದು" ಎಂಬುದಷ್ಟೇ ಅವನ ಮಾತು. ಮನೆಯವರು ಅವನನ್ನು ಕಾಯಕಗಳ್ಳನೆಂದು ಕರೆದಿದ್ದರು. ನಾವು ಅಶ್ವಗಂಧ, ಬ್ರಾಹ್ಮೀಘೃತ ಕೊಟ್ಟು, ಧೈರ್ಯ ಹೇಳಿ ಕಳುಹಿಸಿದೆವು. ಬದುಕೇ ಬೇಡವೆನಿಸುತ್ತದೆಯೇ ಎಂದು ಕೇಳಲಿಲ್ಲ. ಒಂದು ರಾತ್ರಿ ಅವನು ಪ್ರಾಣ ಕಳೆದುಕೊಳ್ಳಲು ಮುಂದಾದಾಗ ತಾಯಿಗೆ ಎಚ್ಚರವಾದುದರಿಂದ ಉಳಿದನು. ಬಳಿಕ ಧಾರವಾಡದಲ್ಲಿ ಮನೋವೈದ್ಯರ ಚಿಕಿತ್ಸೆ ದೊರೆತು, ಕೆಲವು ವಾರಗಳಲ್ಲಿ ಮತ್ತೆ ಮಗ್ಗಕ್ಕೆ ಕುಳಿತನು. ಅವನು ಕಳ್ಳನಾಗಿರಲಿಲ್ಲ, ರೋಗಿಯಾಗಿದ್ದನು. ಕಾಯಕಕ್ಕೆ ದೈವತ್ವದ ಸ್ಥಾನವನ್ನಿತ್ತ ನಮ್ಮ ಸಮಾಜದಲ್ಲಿ ದುಡಿಯಲಾಗದವನ ಎದೆಯಲ್ಲಿ ಪಾಪಪ್ರಜ್ಞೆ ಇಮ್ಮಡಿಯಾಗುತ್ತದೆ. ಆದ್ದರಿಂದ ಈ ರೋಗದ ಕಾರಣಗಳನ್ನು ನಾವು ಉಳಿದವರಿಗಿಂತ ಹೆಚ್ಚು ಚೆನ್ನಾಗಿ ತಿಳಿದಿರಬೇಕು.

ಒಂದು ಮೂಲಿಕೆ ಕಲಿಸಿದ ಪಾಠ

ಮೆದುಳಿನ ನರಕೋಶಗಳು ಸೆರೊಟೋನಿನ್, ನಾರ್‌ಅಡ್ರಿನಲಿನ್, ಡೋಪಮಿನ್ ಮೊದಲಾದ ರಾಸಾಯನಿಕಗಳ ಮೂಲಕ ಪರಸ್ಪರ ಸಂದೇಶ ಕಳಿಸುತ್ತವೆ. ಇವುಗಳಿಗೂ ಖಿನ್ನತೆಗೂ ಸಂಬಂಧವಿರಬಹುದೆಂಬ ವಿಚಾರ ಹುಟ್ಟಿದುದರಲ್ಲಿ ನಮ್ಮ ನಾಡಿನ ಸರ್ಪಗಂಧದ ಪಾತ್ರವಿದೆ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದರ ಬೇರು ಉಪಯುಕ್ತವೆಂದು ಬರೆದರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ ಅವರ ಲೇಖನವು ಅದನ್ನು ಜಗತ್ತಿಗೆ ಪರಿಚಯಿಸಿತು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ರಕ್ತದೊತ್ತಡಕ್ಕೆ ಅದನ್ನು ಸೇವಿಸಿದ ಕೆಲವರು ಖಿನ್ನರಾದುದು ವೈದ್ಯರ ಗಮನಕ್ಕೆ ಬಂದಿತು. ಆ ಔಷಧಿಯು ಮೆದುಳಿನ ಮೇಲ್ಕಂಡ ರಾಸಾಯನಿಕಗಳ ಸಂಗ್ರಹವನ್ನು ಬರಿದು ಮಾಡುತ್ತದೆಂಬುದು ಆಮೇಲೆ ತಿಳಿಯಿತು. ಅದೇ ಕಾಲದಲ್ಲಿ ಕ್ಷಯರೋಗಕ್ಕೆ ಕೊಟ್ಟ ಐಪ್ರೋನಿಯಾಜಿಡ್ ಎಂಬ ಔಷಧಿಯಿಂದ ರೋಗಿಗಳು ಉಲ್ಲಸಿತರಾದರು. ಅದು ಆ ರಾಸಾಯನಿಕಗಳನ್ನು ಉಳಿಸುವಂಥದಾಗಿತ್ತು.

ಆದರೆ ಸೆರೊಟೋನಿನ್ ಕೊರತೆಯೇ ಖಿನ್ನತೆ ಎಂಬ ಸರಳ ಸೂತ್ರ ಇಂದು ನಿಲ್ಲುವುದಿಲ್ಲ. ಗುಳಿಗೆಯು ಆ ರಾಸಾಯನಿಕವನ್ನು ಕೆಲವೇ ಗಂಟೆಗಳಲ್ಲಿ ಹೆಚ್ಚಿಸಿದರೂ ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ನರಕೋಶಗಳ ನಡುವಿನ ಕೊಂಡಿಗಳು ಮತ್ತೆ ಚಿಗುರಲು ಆ ಅವಧಿ ಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಎಂಟು ದಿನ ಸೇವಿಸಿ, ಗುಣವಿಲ್ಲವೆಂದು ಬಿಡುವವರು ಇದನ್ನು ಮರೆಯಬಾರದು.

ದೇಹದ ಇತರ ಕಾರಣಗಳು

ಚಿಂತೆ ಬಹುಕಾಲ ಕಾಡಿದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ರಸವನ್ನು ಅತಿಯಾಗಿ ಸ್ರವಿಸಬಹುದು. ಅಲ್ಪಕಾಲ ಅದು ರಕ್ಷಕ. ತಿಂಗಳುಗಟ್ಟಲೆ ಏರಿಯೇ ಇದ್ದರೆ ನಿದ್ದೆ, ಹಸಿವು, ನೆನಪುಗಳನ್ನು ಕೆಡಿಸುತ್ತದೆ. ಕಬ್ಬಿನ ಬಾಕಿ ಹಣಕ್ಕಾಗಿ ಕಾಯುವ ರೈತನ, ಸೀರೆ ಮಾರಾಟವಾಗದ ನೇಕಾರನ ಚಿಂತೆಯು ಹೀಗೆ ಶರೀರಕ್ಕೆ ಇಳಿಯುತ್ತದೆ.

ಅನುವಂಶೀಯತೆಯ ಪಾಲೂ ಇದೆ. ತಂದೆತಾಯಿಗಳಿಗೆ ಖಿನ್ನತೆಯಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಆದರೆ ಅದು ಹಣೆಬರಹವಲ್ಲ. ಅಂಥ ಅನೇಕರಿಗೆ ಎಂದೂ ರೋಗ ಬರುವುದಿಲ್ಲ.

ಕೆಲವು ದೈಹಿಕ ರೋಗಗಳು ಖಿನ್ನತೆಯ ವೇಷದಲ್ಲಿ ಬರುತ್ತವೆ. ಥೈರಾಯ್ಡ್ ಗ್ರಂಥಿ ಮಂದವಾದರೆ ಆಲಸ್ಯ, ತೂಕದ ಏರಿಕೆ, ಮಂಕುತನ ಕಾಣುತ್ತವೆ. ರಕ್ತಹೀನತೆಯು ಉತ್ಸಾಹವನ್ನು ಕುಗ್ಗಿಸುತ್ತದೆ. ಸಸ್ಯಾಹಾರಿಗಳಾದ ನಾವು ವಿಟಮಿನ್ ಬಿ 12ರ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಅದು ಹಾಲು-ಮೊಸರಿನಲ್ಲಿ ದೊರೆಯುತ್ತದೆ, ಕಾಳು-ಕಾಯಿಪಲ್ಲೆಗಳಲ್ಲಿ ದೊರೆಯುವುದಿಲ್ಲ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ದೀರ್ಘಕಾಲ ಸೇವಿಸುವವರಲ್ಲಿ ಅದು ಇನ್ನೂ ಕಡಿಮೆಯಾಗಬಹುದು. ಇವೆಲ್ಲವೂ ರಕ್ತಪರೀಕ್ಷೆಯಿಂದ ತಿಳಿಯುವಂಥವು. ಹೆರಿಗೆಯ ನಂತರದ ಹಾರ್ಮೋನುಗಳ ಏರಿಳಿತ, ಪಾರ್ಶ್ವವಾಯು, ಸ್ಟೀರಾಯ್ಡ್ ಔಷಧಿ, ಮದ್ಯಪಾನ ಇವುಗಳೂ ಕಾರಣವಾಗಬಲ್ಲವು. ಬಾಣಂತಿಯು ಮಂಕಾಗಿ ಕುಳಿತರೆ ಗಾಳಿ ಸೋಕಿತೆಂದು ತಿಳಿಯದೆ ವೈದ್ಯರಿಗೆ ತೋರಿಸಿರಿ.

ಆಯುರ್ವೇದದ ದೃಷ್ಟಿ

ಚರಕಾಚಾರ್ಯರು 80 ವಾತವಿಕಾರಗಳ ಪಟ್ಟಿಯಲ್ಲಿ ವಿಷಾದವನ್ನು ಸೇರಿಸಿದ್ದಾರೆ. ರೋಗವನ್ನು ಉಲ್ಬಣಿಸುವ ಸಂಗತಿಗಳಲ್ಲಿ ವಿಷಾದಕ್ಕೆ ಅಗ್ರಸ್ಥಾನವನ್ನೂ ಕೊಟ್ಟಿದ್ದಾರೆ. ದೇಹ ಮತ್ತು ಮನಸ್ಸು ಪರಸ್ಪರ ಅವಲಂಬಿಗಳೆಂಬುದು ನಮ್ಮ ಶಾಸ್ತ್ರದ ಮೂಲಭಾವ. ನಿಯತ ಕಾಲದಲ್ಲಿ ನಿದ್ದೆ, ಬೆಳಗಿನ ಬಿಸಿಲಿನಲ್ಲಿ ನಡಿಗೆ, ಅಭ್ಯಂಗ, ಹಿತಮಿತ ಆಹಾರ, ಶಿವಯೋಗ, ಸತ್ಸಂಗ ಇವು ಚೇತರಿಕೆಗೆ ಆಸರೆಯಾಗುತ್ತವೆ. ಆದರೆ ತೀವ್ರ ಖಿನ್ನತೆಯಲ್ಲಿ ಇವಷ್ಟೇ ಸಾಲವು. ಪೂಜೆಯಲ್ಲಿ ಮನ ನಿಲ್ಲದಿದ್ದರೆ ಅದು ಭಕ್ತಿಯ ಕೊರತೆಯಲ್ಲ, ರೋಗದ ಲಕ್ಷಣ. ಮನೋವೈದ್ಯರು ಕೊಟ್ಟ ಗುಳಿಗೆಗಳನ್ನು ನಮ್ಮ ಔಷಧಿಯ ಭರವಸೆಯ ಮೇಲೆ ಎಂದೂ ಹಠಾತ್ತನೆ ನಿಲ್ಲಿಸಬಾರದು. ಎರಡನ್ನೂ ಸೇವಿಸುತ್ತಿದ್ದರೆ ಇಬ್ಬರು ವೈದ್ಯರಿಗೂ ತಿಳಿಸಬೇಕು.

ಮನೆಯವರು ಮಾಡಬೇಕಾದುದು

ಎರಡು ವಾರಗಳಿಗೂ ಮೀರಿ ದಿನದ ಬಹುಪಾಲು ಬೇಸರ ಅಥವಾ ಎಲ್ಲದರಲ್ಲಿಯೂ ನಿರಾಸಕ್ತಿ, ಅದರೊಂದಿಗೆ ನಿದ್ದೆ, ಹಸಿವು, ಏಕಾಗ್ರತೆಗಳ ಕೊರತೆ ಕಂಡರೆ ತಡಮಾಡಬಾರದು. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 20 ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಆದ್ದರಿಂದ ಇದರಲ್ಲಿ ನಾಚಿಕೆಗೆ ಎಡೆಯಿಲ್ಲ. ರೋಗಿಯು ಸಾವಿನ ಮಾತನಾಡಿದರೆ ಬೈಯದೆ, ಒಂಟಿಯಾಗಿ ಬಿಡದೆ, ಅಂಥ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳಿರಿ. ಕೇಳಿದರೆ ಆ ವಿಚಾರ ಹೆಚ್ಚುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಅವರ ಭಾರ ಇಳಿಯುತ್ತದೆ. ಕೀಟನಾಶಕಗಳನ್ನು ಬೀಗದೊಳಗೆ ಇಡಿರಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿರಿ. ಧಾರವಾಡದ ಡಿಮ್ಹಾನ್ಸ್ ಕೂಡ ನಮಗೆ ದೂರವಲ್ಲ.

ಮೊಣಕಾಲು ಮುರಿದವನಿಗೆ ಎದ್ದು ನಡೆ ಎಂದು ನಾವಾರೂ ಹೇಳುವುದಿಲ್ಲ. ಮೊದಲು ಎಲುಬು ಕೂಡಲೆಂದು ಕಾಯುತ್ತೇವೆ. ಮನಸ್ಸು ಮುರಿದವರಿಗೂ ಅಷ್ಟೇ ಕಾಲಾವಕಾಶವನ್ನು, ಅಷ್ಟೇ ಆರೈಕೆಯನ್ನು ಕೊಡೋಣ. ಗುಣವಾದ ಮೇಲೆ ಅವರು ತಾವಾಗಿಯೇ ಕಾಯಕಕ್ಕೆ ಮರಳುತ್ತಾರೆ.